ಓದುಗರ ಪ್ರಶ್ನೆ, ಮುದ್ರಣ ಬಲ್ಲವರ ಉತ್ತರ: ನೀಲಿ ಕೊಟ್ಟರೆ ಜಾಂಬಳಿ (ನೇರಳೆ) ಬರುವುದೇಕೆ?

ಈ ಸಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಣ್ಣದ ದೂರು ಹೊತ್ತು ಬಂದಿವೆ. ಕೆಂಪು, ಹಸಿರು ಹೇಗೋ ಹೊಂದಿಕೊಳ್ಳುತ್ತವೆ, ನೀಲಿ ಮಾತ್ರ ಕೈಕೊಡುತ್ತದೆ ಎಂಬುದು ಎಲ್ಲರ ಅಳಲು. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ನೀಲಿಗೇ ಮೀಸಲು.

ಪ್ರಶ್ನೆ: ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ 20 ಅಡಿ ಬೈ 10 ಅಡಿ ಬ್ಯಾನರ್ ಡಿಸೈನ್ ಮಾಡಿ ಕೊಟ್ಟಿದ್ದೆ. ಕೋರೆಲ್‌ಡ್ರಾದಾಗ ಪ್ಯಾಲೆಟ್‌ನ ನೀಲಿನೇ ತಗೊಂಡಿದ್ದೆ, ಸ್ಕ್ರೀನ್ ಮ್ಯಾಲೆ ಛಲೋ ಕಾಣತಿತ್ತು. ಫ್ಲೆಕ್ಸ್ ಆಗಿ ಬಂದಾಗ ಪೂರಾ ಜಾಂಬಳಿ. ಹುಡುಗ್ರು ‘ಇದು ನಮ್ಮ ಬಾವುಟದ ನೀಲಿ ಅಲ್ರಿ’ ಅಂತ ವಾಪಸ್ ತಂದ್ರು. ತಪ್ಪು ನನ್ನದೋ, ಮಷಿನ್ನಿಂದೋ?
— ಒಬ್ಬ ಡಿಸೈನರ್, ಖಡೇಬಜಾರ್, ಬೆಳಗಾವಿ

ಉತ್ತರ: ಮಷಿನ್ ನೀವು ಕೊಟ್ಟದ್ದನ್ನೇ ಹೊಡೆದಿದೆ. ಕೋರೆಲ್‌ಡ್ರಾದ ಮಾಮೂಲಿ ಸಿಎಂವೈಕೆ (ಮುದ್ರಣದ ನಾಲ್ಕು ಇಂಕು: ತಿಳಿನೀಲಿ ಸಯಾನ್, ಗುಲಾಬಿ ಮಜೆಂಟಾ, ಹಳದಿ, ಕಪ್ಪು) ಪ್ಯಾಲೆಟ್‌ನಲ್ಲಿ ‘ಬ್ಲೂ’ ಎಂಬ ಚೌಕದ ಮೇಲೆ ಮೌಸ್ ಇಟ್ಟು ನೋಡಿ: ಸಯಾನ್ 100, ಮಜೆಂಟಾ 100, ಹಳದಿ 0, ಕಪ್ಪು 0. ಈ ಎರಡು ಇಂಕು ಸಮಸಮ ಬಿದ್ದರೆ ಫ್ಲೆಕ್ಸ್ ಇರಲಿ, ಆರ್ಟ್ ಪೇಪರ್ ಇರಲಿ, ಕಣ್ಣಿಗೆ ಬೀಳುವುದು ಜಾಂಬಳಿಯೇ. ಫೋಟೊಶಾಪ್‌ನಲ್ಲಿ ಮಾಡಿದ್ದರೂ ಬಚಾವಾಗುತ್ತಿರಲಿಲ್ಲ. ಆರ್‌ಜಿಬಿಯ (ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದ) ಶುದ್ಧ ನೀಲಿಯನ್ನು, ಅಂದರೆ 0, 0, 255 ಅನ್ನು, ಅದರ ‘ಸ್ವಾಪ್ ಕೋಟೆಡ್’ ಪ್ರೊಫೈಲಿನಲ್ಲಿ (ಬಣ್ಣ ತಿರುಗಿಸುವ ಲೆಕ್ಕದ ಫೈಲಿನಲ್ಲಿ) ಸಿಎಂವೈಕೆಗೆ ತಿರುಗಿಸಿದರೆ ಸಯಾನ್ 88, ಮಜೆಂಟಾ 77 ಬರುತ್ತದೆ. ನಡುವೆ ಬರೀ 11ರ ಅಂತರ. ಅದೂ ಜಾಂಬಳಿಯೇ.

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಪರದೆಯ ಮೇಲೆ ಉರಿಯುವ ಆ ನೀಲಿ ನಾಲ್ಕು ಇಂಕಿನ ಮುದ್ರಣಕ್ಕೆ ಸಿಗುವಂಥದ್ದೇ ಅಲ್ಲ. ಬಣ್ಣ ಅಳೆಯುವ ಲ್ಯಾಬ್ ಪದ್ಧತಿಯಲ್ಲಿ ‘ಬಿ’ ಎಂಬ ಅಂಕಿ ಮೈನಸ್ ಕಡೆಗೆ ಹೋದಷ್ಟೂ ನೀಲಿ ಗಾಢ. ಪರದೆಯ ಶುದ್ಧ ನೀಲಿಗೆ ಅದು ಸುಮಾರು ಮೈನಸ್ 112. ಒಳ್ಳೆಯ ಆರ್ಟ್ ಪೇಪರ್ ಮೇಲೆ ಆಫ್‌ಸೆಟ್‌ನಲ್ಲಿ ಸಯಾನ್ ಮೇಲೆ ಮಜೆಂಟಾ ಪೂರ್ತಿ ಹೊಡೆದರೂ ಸಿಗುವುದು ಮೈನಸ್ 46ರ ಆಸುಪಾಸು. ಅರ್ಧಕ್ಕಿಂತ ಕಡಿಮೆ. ಪರದೆಯಲ್ಲಿ ನೀಲಿ ಬೆಳಕು ನೇರವಾಗಿ ಕಣ್ಣಿಗೆ ಬರುತ್ತದೆ. ಕಾಗದದ ಮೇಲಾದರೆ ಬಿಳಿ ಬೆಳಕಿನಿಂದ ಸಯಾನ್ ಕೆಂಪನ್ನು ನುಂಗಬೇಕು, ಮಜೆಂಟಾ ಹಸಿರನ್ನು ನುಂಗಬೇಕು, ಉಳಿದದ್ದು ನೀಲಿ. ಆದರೆ ಯಾವ ಇಂಕೂ ಅಷ್ಟು ಚೊಕ್ಕ ಕೆಲಸ ಮಾಡುವುದಿಲ್ಲ. ಎರಡೂ ಹೋಗುತ್ತ ಹೋಗುತ್ತ ನೀಲಿಯಲ್ಲೂ ಒಂದಿಷ್ಟು ನುಂಗಿಬಿಡುತ್ತವೆ. ಅದಕ್ಕೇ ಬಣ್ಣ ಕಪ್ಪಿಡುತ್ತದೆ.

ಇನ್ನು ಜಾಂಬಳಿ ಛಾಯೆ ಎಲ್ಲಿಂದ ಬಂತು ಎನ್ನುವುದಕ್ಕೆ, ಒಂದು ಭೂತಗನ್ನಡಿ ಹಿಡಿದು ನಿಮ್ಮ ಬ್ಯಾನರ್‌ನ ಮೂಲೆ ನೋಡಿ. ಸಯಾನ್ ಚುಕ್ಕೆ ಬೀಳದ ಸಣ್ಣ ಸಂದುಗಳಲ್ಲಿ ಮಜೆಂಟಾ ಚುಕ್ಕೆ ಒಂಟಿಯಾಗಿ ಕೂತಿರುತ್ತದೆ. ಆ ಗುಲಾಬಿ ಚುಕ್ಕೆಗಳಿಂದ ಕೆಂಪು ಬೆಳಕು ಹೊರಗೆ ಬರುತ್ತದೆ. ದೂರದಿಂದ ನೋಡಿದಾಗ ನೀಲಿ ಮತ್ತು ಆ ಕೆಂಪು ಕೂಡಿ ಜಾಂಬಳಿ. ಮಜೆಂಟಾ ಹೆಚ್ಚಿದಷ್ಟೂ ಈ ಒಂಟಿ ಚುಕ್ಕೆಗಳು ಹೆಚ್ಚು. ಸಾಫ್ಟ್‌ವೇರಿನ ಲೆಕ್ಕವೂ ಇದಕ್ಕೆ ಕೈ ಜೋಡಿಸುತ್ತದೆ: ಲ್ಯಾಬ್ ಲೆಕ್ಕದಲ್ಲಿ ವರ್ಣವನ್ನು ಹಾಗೇ ಹಿಡಿದುಕೊಂಡು ನೀಲಿಯ ಗಾಢತೆಯನ್ನಷ್ಟೇ ಇಳಿಸುತ್ತ ಬಂದರೆ, ನಮ್ಮ ಕಣ್ಣಿಗೆ ಅದು ಜಾಂಬಳಿಯತ್ತ ಸರಿದಂತೆ ಕಾಣುತ್ತದೆ.

ಆದ್ದರಿಂದ ನೀಲಿಗೆ ಮಜೆಂಟಾವನ್ನು ಕೆಳಗೆ ಹಿಡಿಯುವುದೇ ಮೂಲ ಸೂತ್ರ. ಸಯಾನ್‌ಗಿಂತ ಮಜೆಂಟಾ ಕನಿಷ್ಠ 30 ಕಡಿಮೆ ಇರಲಿ. ಶುರುಮಾಡಲು ಈ ಅಂಕಿಗಳನ್ನು ಇಟ್ಟುಕೊಳ್ಳಿ. ಬಾವುಟದ ತುಂಬು ನೀಲಿಗೆ ಸಯಾನ್ 100, ಮಜೆಂಟಾ 55ರಿಂದ 60. ರಾಯಲ್ ಬ್ಲೂಗೆ ಸಯಾನ್ 100, ಮಜೆಂಟಾ 65, ಬೇಕಾದರೆ ಕಪ್ಪು 10. ನೇವಿ ಬ್ಲೂಗೆ ಸಯಾನ್ 100, ಮಜೆಂಟಾ 70, ಕಪ್ಪು 50. ಆಕಾಶ ನೀಲಿಗೆ ಸಯಾನ್ 65, ಮಜೆಂಟಾ 15. ಇವೆಲ್ಲದರಲ್ಲೂ ಹಳದಿ ಸೊನ್ನೆ. ನೀಲಿಯನ್ನು ಕಪ್ಪಿಡಿಸಲು ಮಜೆಂಟಾ ಏರಿಸುವುದು ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು. ಕಪ್ಪನ್ನೇ ಏರಿಸಿ. ಹಳದಿ ಸೇರಿಸಿದರೆ ನೀಲಿ ಮಂಕಾಗಿ ಬೂದು ತಿರುಗುತ್ತದೆ.

ಈ ಅಂಕಿಗಳು ಶುರುವಿಗಷ್ಟೇ, ಏಕೆಂದರೆ ಪ್ರತಿ ಅಂಗಡಿಯ ಇಂಕು, ಇಂಕು ಚಿಮ್ಮುವ ಹೆಡ್, ಫ್ಲೆಕ್ಸ್ ರೋಲು ಬೇರೆ. ನೀವು ಕೆಲಸ ಕೊಡುವ ಅಂಗಡಿಯಲ್ಲಿ ಒಂದು ಚದರ ಅಡಿಯ ಚಾರ್ಟ್ ಹೊಡೆಸಿ ಇಟ್ಟುಕೊಳ್ಳಿ. ಎರಡು ಇಂಚಿನ ಚೌಕಗಳು, ಅಡ್ಡಕ್ಕೆ ಆರು, ಕೆಳಕ್ಕೆ ನಾಲ್ಕು, ಒಟ್ಟು 24. ಎಲ್ಲದರಲ್ಲೂ ಸಯಾನ್ 100. ಅಡ್ಡ ಸಾಲಿನಲ್ಲಿ ಮಜೆಂಟಾ 30, 40, 50, 60, 70, 80. ಕೆಳಗಿಳಿದಂತೆ ಕಪ್ಪು 0, 10, 20, 40. ಪ್ರತಿ ಚೌಕದೊಳಗೆ ಅದರ ಅಂಕಿಯನ್ನು ಬಿಳಿ ಅಕ್ಷರದಲ್ಲಿ ಬರೆಯಿರಿ. ಬ್ಯಾನರ್ ಯಾವ ಪಾಸ್‌ನಲ್ಲಿ (ಹೆಡ್ ಒಂದೇ ಜಾಗದ ಮೇಲೆ ಎಷ್ಟು ಸಲ ಓಡುತ್ತದೆಂಬ ಲೆಕ್ಕ) ಹೊಡೆಯುತ್ತಾರೋ ಅದೇ ಪಾಸ್, ಅದೇ ರೋಲು ಇರಬೇಕು. ಚಾರ್ಟನ್ನು ಚೆನ್ನಾಗಿ ಹೊಡೆದು ಬ್ಯಾನರನ್ನು ವೇಗದಲ್ಲಿ ಹೊಡೆದರೆ ಚಾರ್ಟ್ ಮಾಡಿದ್ದೇ ವ್ಯರ್ಥ. ಒಣಗಿದ ಮೇಲೆ, ಬಿಸಿಲು ನೇರ ಬೀಳದ ನೆರಳಿನಲ್ಲಿ, ಹಗಲು ಬೆಳಕಿನಲ್ಲಿ ಬಾವುಟದ ಬಟ್ಟೆಯನ್ನು ಪಕ್ಕದಲ್ಲಿಟ್ಟು ನೋಡಿ. ಕಣ್ಣಿಗೆ ಹೊಂದಿದ ಚೌಕದ ಅಂಕಿಯೇ ನಿಮ್ಮ ನೀಲಿ. ಇನ್ನು ಮುಂದೆ ಪರದೆ ಏನು ತೋರಿಸಿದರೂ ಆ ಅಂಕಿಯನ್ನೇ ಹಾಕಿ. ಫೈಲ್ ಕೊಡುವಾಗ ಸಿಎಂವೈಕೆಯಲ್ಲೇ ಕೊಡಿ. ನಡುವೆ ಆರ್‌ಜಿಬಿ ಜೆಪೆಗ್ ಮಾಡಿದಿರೋ, ನೀವು ಆರಿಸಿದ ಅಂಕಿ ಅಳಿಸಿಹೋಗಿ ಸಾಫ್ಟ್‌ವೇರ್ ಮತ್ತೆ ತನ್ನದೇ ಲೆಕ್ಕ ಹಾಕುತ್ತದೆ.

ಪ್ರಶ್ನೆ: ನಾಲ್ಕು ಬಣ್ಣದ ಸಾಲ್ವೆಂಟ್ ಮಷಿನ್ ಇದೆ. ಹೋದ ವಾರ ಹೊಡೆದ ಫೈಲನ್ನೇ ಈ ವಾರ ಹೊಡೆದರೆ ನೀಲಿ ಬೇರೆ ಬರುತ್ತಿದೆ. ಅದೂ ಅಲ್ಲದೆ ತುಂಬು ನೀಲಿ ಜಾಗದಲ್ಲಿ ಒಂದು ಪಟ್ಟೆ ತಿಳಿ, ಒಂದು ಪಟ್ಟೆ ಕೆಂಪು ಛಾಯೆ, ಹೀಗೆ ಗೆರೆ ಕಾಣುತ್ತದೆ.
— ಫ್ಲೆಕ್ಸ್ ಅಂಗಡಿಯವರು, ಇಂಡಿ

ಉತ್ತರ: ಇಲ್ಲಿ ಎರಡು ಬೇರೆ ಬೇರೆ ರೋಗ ಇವೆ.

ಪಟ್ಟೆಯದು ಮೊದಲು. ಹೆಡ್ ಎಡದಿಂದ ಬಲಕ್ಕೆ ಹೋಗುವಾಗಲೂ ಬಲದಿಂದ ಎಡಕ್ಕೆ ಬರುವಾಗಲೂ ಹೊಡೆಯುವ ಸೆಟ್ಟಿಂಗ್ ಇಟ್ಟಿದ್ದೀರಿ ಎಂದುಕೊಳ್ಳೋಣ. ಹೋಗುವಾಗ ಸಯಾನ್ ಮೊದಲು ಬಿದ್ದು ಮೇಲೆ ಮಜೆಂಟಾ ಕೂರುತ್ತದೆ. ಬರುವಾಗ ಮಜೆಂಟಾ ಕೆಳಗೆ, ಸಯಾನ್ ಮೇಲೆ. ಮೇಲೆ ಕೂತ ಇಂಕಿನ ಛಾಯೆ ಕಣ್ಣಿಗೆ ಹೆಚ್ಚು ಹೊಡೆಯುತ್ತದೆ. ಅದೇ ನಿಮ್ಮ ತಿಳಿ ಪಟ್ಟೆ, ಕೆಂಪು ಪಟ್ಟೆ. ಒಂದೇ ಇಂಕಿನ ಹಳದಿಯಲ್ಲಿ ಇದು ಕಾಣುವುದೇ ಇಲ್ಲ. ಎರಡು ಇಂಕು ದಟ್ಟವಾಗಿ ಒಂದರ ಮೇಲೊಂದು ಬೀಳುವ ನೀಲಿಯಲ್ಲಿ ಎದ್ದು ಕಾಣುತ್ತದೆ. ನೀಲಿ ಹೆಚ್ಚಿರುವ ಕೆಲಸವನ್ನು ಒಂದೇ ದಿಕ್ಕಿನಲ್ಲಿ ಹೊಡೆಯಿರಿ. ಸಮಯ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಗಿರಾಕಿಗೆ ಮೊದಲೇ ಹೇಳಿಬಿಡಿ. ಅಷ್ಟು ಪುರಸೊತ್ತಿಲ್ಲ ಎಂದರೆ ಪಾಸ್ ಹೆಚ್ಚಿಸಿ. ಪ್ರತಿ ಪಾಸ್‌ನ ಪಟ್ಟಿ ಕಿರಿದಾಗಿ ಎರಡೂ ಛಾಯೆ ಬೆರೆತುಹೋಗುತ್ತವೆ.

ವಾರದಿಂದ ವಾರಕ್ಕೆ ಬಣ್ಣ ಬದಲಾಗುವುದಕ್ಕೆ ಮೊದಲು ನಾಜಲ್ ಚೆಕ್ (ಹೆಡ್‌ನ ಇಂಕು ಚಿಮ್ಮುವ ತೂತುಗಳ ಪರೀಕ್ಷೆ) ಹೊಡೆಯಿರಿ. ಸಯಾನ್‌ನ ಕೆಲವೇ ನಾಜಲ್ ಕಟ್ಟಿದರೂ ನೀಲಿ ನೇರ ಜಾಂಬಳಿಯತ್ತ ವಾಲುತ್ತದೆ, ಮಜೆಂಟಾ ಕಟ್ಟಿದರೆ ನವಿಲು ಬಣ್ಣದತ್ತ. ಹೀಗೆ ವಾಲಿದ ದಿಕ್ಕು ನೋಡಿಯೇ ಯಾವ ಹೆಡ್ ಎಂದು ಹೇಳಬಹುದು. ನಾಜಲ್ ಸರಿ ಇದ್ದರೆ ಇಂಕಿನ ಕ್ಯಾನ್ ಬದಲಾಗಿದೆಯೇ ನೋಡಿ. ಬೇರೆ ಕಂಪನಿಯ ಇಂಕು ಹಾಕಿದ ದಿನವೇ ಹಳೆಯ ಪ್ರೊಫೈಲ್ ಕೆಲಸಕ್ಕೆ ಬಾರದಂತಾಯಿತು. ಸಯಾನ್ ಒಂದು ಕಂಪನಿಯದು, ಮಜೆಂಟಾ ಇನ್ನೊಂದರದ್ದು ಎಂದು ಬೆರೆಸುವುದಂತೂ ಬೇಡವೇ ಬೇಡ. ಮೂರನೆಯದು ಫೈಲನ್ನು ಇಂಕಿನ ಚುಕ್ಕೆಗಳಾಗಿ ತಿರುಗಿಸಿ ಮಷಿನ್ನಿಗೆ ಕಳಿಸುವ ರಿಪ್ ಸಾಫ್ಟ್‌ವೇರ್: ವಿನೈಲ್ ಕೆಲಸ ಮುಗಿಸಿ ಫ್ಲೆಕ್ಸ್ ಹಾಕಿದಾಗ ಮೀಡಿಯಾ ಪ್ರೊಫೈಲ್ ಬದಲಿಸಲು ಆಪರೇಟರ್ ಮರೆತಿರುತ್ತಾನೆ. ನಾಲ್ಕನೆಯದು ನಮ್ಮ ಬಿಸಿಲು. ಇಂಕು ಕಾದಷ್ಟೂ ತೆಳುವಾಗುತ್ತದೆ. ಜನವರಿಯ ಬೆಳಗಿನ ಹೊಡೆತಕ್ಕೂ ಮೇ ತಿಂಗಳ ಮಧ್ಯಾಹ್ನದ ಹೊಡೆತಕ್ಕೂ ಹನಿಯ ಗಾತ್ರವೇ ಬೇರೆ. ಮಷಿನ್ ರೂಮಿನ ಉಷ್ಣತೆಯನ್ನು 25 ಡಿಗ್ರಿ ಆಸುಪಾಸು ಹಿಡಿದಿಡಲು ಎ.ಸಿ. ಹಾಕಿಸಿದರೆ ಅದು ಶೋಕಿ ಅಲ್ಲ, ಹೆಡ್ ಬಾಳಿಕೆಗೂ ಒಳ್ಳೆಯದು.

ಪ್ರತಿ ಸೋಮವಾರ ಮೇಲೆ ಹೇಳಿದ ಚಾರ್ಟಿನ ಒಂದೇ ಸಾಲನ್ನು ಹೊಡೆದು, ತಾರೀಖು ಬರೆದು ಗೋಡೆಗೆ ಅಂಟಿಸಿ. ನಾಲ್ಕು ವಾರ ಕಳೆದರೆ ಮಷಿನ್ ಯಾವಾಗ, ಎತ್ತ ಸರಿಯಿತು ಎಂದು ಗೋಡೆಯೇ ಹೇಳುತ್ತದೆ.

ಪ್ರಶ್ನೆ: ನಮ್ಮದು ಇಳಕಲ್ ಸೀರೆ ವ್ಯಾಪಾರ. ಕ್ಯಾಟಲಾಗ್ ಮಾಡಿಸಿದೆವು. ‘ಇಂಕ್ ಬ್ಲೂ’ ಸೀರೆ ಕ್ಯಾಟಲಾಗಿನಲ್ಲಿ ನೇರಳೆ ಆಗಿದೆ, ನವಿಲು ಬಣ್ಣದ್ದು ಬರೀ ನೀಲಿ ಆಗಿದೆ. ನೇರಳೆ ಎಂದು ತರಿಸಿಕೊಂಡ ಗಿರಾಕಿಗಳು ತಿರುಗಿ ಕಳಿಸುತ್ತಿದ್ದಾರೆ. ಪ್ರೆಸ್‌ನವರು ಫೋಟೊ ಸರಿಯಿಲ್ಲ ಅನ್ನುತ್ತಾರೆ, ಫೋಟೊಗ್ರಾಫರ್ ಪ್ರೆಸ್ ಸರಿಯಿಲ್ಲ ಅನ್ನುತ್ತಾರೆ.
— ಸೀರೆ ಅಂಗಡಿಯವರು, ಇಳಕಲ್

ಉತ್ತರ: ಎರಡೂ ಸೀರೆ ಒಂದೇ ದಿಕ್ಕಿಗೆ, ಹಸಿರಿನಿಂದ ದೂರ ಕೆಂಪಿನತ್ತ ವಾಲಿವೆ. ಇದು ಫೋಟೊದಿಂದಲೂ ಆಗಬಹುದು, ಪ್ರೆಸ್‌ನಿಂದಲೂ ಆಗಬಹುದು. ಮೊದಲು ನಡೆಯುವ ಕೆಲಸ ಫೋಟೊ, ಅಲ್ಲಿಂದಲೇ ಶುರುಮಾಡೋಣ.

ಅಂಗಡಿಯ ಟ್ಯೂಬ್‌ಲೈಟ್, ಬಾಗಿಲಿನಿಂದ ಬರುವ ಬಿಸಿಲು, ಕ್ಯಾಮೆರಾದ ಫ್ಲ್ಯಾಶ್ ಮೂರೂ ಸೇರಿದ ಬೆಳಕಿನಲ್ಲಿ ತೆಗೆದ ಫೋಟೊದ ನೀಲಿಯನ್ನು ಆಮೇಲೆ ಯಾರೂ ಸರಿಮಾಡಲಾರರು. ಬೆಳಕು ಒಂದೇ ಬಗೆಯದು ಇರಲಿ. ಸಿಆರ್‌ಐ (ಬೆಳಕು ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕಿ) 90ಕ್ಕಿಂತ ಹೆಚ್ಚಿರುವ ಎರಡು ಎಲ್‌ಇಡಿ ದೀಪ, ಸೀರೆಗೆ ಎರಡೂ ಬದಿಯಿಂದ 45 ಡಿಗ್ರಿ ಓರೆಯಲ್ಲಿ. ರೇಷ್ಮೆ ಎಳೆ ಹೊಳೆಯುವುದರಿಂದ ಎದುರಿನಿಂದ ಬೆಳಕು ಬಿದ್ದರೆ ಬಣ್ಣ ತೊಳೆದಂತಾಗುತ್ತದೆ. ಮೊದಲ ಫೋಟೊದಲ್ಲಿ ಸೀರೆಯ ಮೇಲೆ ಬೂದು ಬಣ್ಣದ ಗ್ರೇ ಕಾರ್ಡ್ ಇಟ್ಟು ತೆಗೆಯಿರಿ. ವೈಟ್ ಬ್ಯಾಲೆನ್ಸ್ ‘ಆಟೋ’ದಲ್ಲಿ ಇರಲೇಬಾರದು. ಚೌಕಟ್ಟಿನ ತುಂಬ ನೀಲಿ ಸೀರೆ ಇದ್ದಾಗ ಕ್ಯಾಮೆರಾ ಅದನ್ನು ಬೆಳಕಿನ ದೋಷ ಎಂದುಕೊಂಡು ಹಳದಿ, ಕೆಂಪು ಬೆರೆಸಿಬಿಡುತ್ತದೆ. ನಿಮ್ಮ ಇಂಕ್ ಬ್ಲೂ ನೇರಳೆಯಾದದ್ದು ಹೆಚ್ಚಾಗಿ ಇಲ್ಲಿಯೇ. ‘ರಾ’ ಫೈಲ್‌ನಲ್ಲಿ ತೆಗೆದು, ಗ್ರೇ ಕಾರ್ಡ್ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಅದೇ ಸೆಟ್ಟಿಂಗನ್ನು ಆ ದಿನದ ಎಲ್ಲ ಫೋಟೊಗೂ ಹಾಕಿ.

ನವಿಲು ಬಣ್ಣದ್ದು ಬೇರೆ ಸಮಸ್ಯೆ. ಅದರ ಹಸಿರು ಮಿಶ್ರಿತ ಹೊಳಪು ಒಂದು ಬಣ್ಣದ ಹಾಸಿನ (ಉದ್ದ) ಎಳೆಗಳಿಗೆ ಇನ್ನೊಂದು ಬಣ್ಣದ ಹೊಕ್ಕಿನ (ಅಡ್ಡ) ಎಳೆ ಹಾಕಿ ನೇಯ್ದದ್ದರಿಂದ ಬಂದಿದ್ದರೆ, ನೋಡುವ ಕೋನ ಬದಲಾದಂತೆ ಬಣ್ಣವೂ ಬದಲಾಗುತ್ತದೆ. ಫೋಟೊ ಒಂದೇ ಕೋನ ಹಿಡಿಯುತ್ತದೆ. ಅಂಥ ಸೀರೆಗೆ ಮಡಿಕೆ ಬಿದ್ದ ಭಾಗವನ್ನು ತೋರಿಸುವ ಫೋಟೊವನ್ನೇ ಹಾಕಿ, ಹರಡಿದ್ದನ್ನು ಬೇಡ.

ಆಮೇಲೆ ಹೊಂದಿಸುವ ಕೆಲಸ. ಬೂದು ಬಣ್ಣದ ರಟ್ಟಿನಲ್ಲಿ ಅರ್ಧ ಇಂಚಿನ ಎರಡು ತೂತು, ನಡುವೆ ಕಾಲು ಇಂಚು ಬಿಟ್ಟು ಕತ್ತರಿಸಿ. ಒಂದು ತೂತಿನ ಕೆಳಗೆ ಸೀರೆ, ಇನ್ನೊಂದರ ಕೆಳಗೆ ಪ್ರೆಸ್‌ನವರು ಕ್ಯಾಟಲಾಗಿನ ಕಾಗದದ ಮೇಲೇ ಹೊಡೆದುಕೊಟ್ಟ ನೀಲಿ ಚಾರ್ಟ್. ಚಾರ್ಟನ್ನು ಸರಿಸುತ್ತ ಹೋಗಿ. ಸುತ್ತಲಿನ ಕೆಂಪು ಸೆರಗು, ಬಿಳಿ ಕಾಗದ ಕಣ್ಣಿಗೆ ಬೀಳದಿದ್ದಾಗ ಹೊಂದಿಕೆ ಎಷ್ಟು ನಿಖರವಾಗಿ ಕಾಣುತ್ತದೆ ಎಂಬುದು ಮಾಡಿ ನೋಡಿದರೇ ಗೊತ್ತಾಗುತ್ತದೆ. ಸಿಕ್ಕ ಅಂಕಿಯನ್ನು ಗುರಿಯಾಗಿ ಇಟ್ಟುಕೊಂಡು ಫೋಟೊಶಾಪ್‌ನ ಸೆಲೆಕ್ಟಿವ್ ಕಲರ್‌ನಲ್ಲಿ ‘ಬ್ಲೂಸ್’ ಆರಿಸಿ, ಮಜೆಂಟಾವನ್ನು ಐದೈದರಂತೆ ಇಳಿಸುತ್ತ ಬನ್ನಿ. ಹೀಗೆ ಮಾಡಿದರೆ ತೋಪು ತೆನಿ ಸೆರಗಿನ ಕೆಂಪಿಗೆ ಏನೂ ಆಗುವುದಿಲ್ಲ. ಒಟ್ಟಾರೆ ಕಲರ್ ಬ್ಯಾಲೆನ್ಸ್ ತಿರುವಿದರೆ ನೀಲಿ ಸರಿಹೋಗುವ ಹೊತ್ತಿಗೆ ಸೆರಗು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ.

ಇದನ್ನು ಹಗಲು ಬೆಳಕಿನಲ್ಲೂ ಅಂಗಡಿಯ ದೀಪದಲ್ಲೂ ಎರಡು ಸಲ ನೋಡಿ. ದಾರಕ್ಕೆ ಹಾಕಿದ ಬಣ್ಣವೂ ಕಾಗದದ ಇಂಕೂ ಬೇರೆ ವಸ್ತುಗಳಾದ್ದರಿಂದ ಒಂದು ದೀಪದಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಬೇರೆಯಾಗಬಹುದು. ಆಗ ಹಗಲು ಬೆಳಕಿನದನ್ನೇ ಒಪ್ಪಿಕೊಳ್ಳಿ.

ಪ್ರಶ್ನೆ: ಗೋಳಗುಮ್ಮಟದ ಫೋಟೊಗಳನ್ನು ಆರು ಬಣ್ಣದ ಎಪ್ಸನ್ ಎಲ್805 ಪ್ರಿಂಟರಿನಲ್ಲಿ ಹೊಡೆಯುತ್ತೇನೆ. ಗುಮ್ಮಟ ಸರಿ ಬರುತ್ತದೆ, ಹಿಂದಿನ ಆಕಾಶ ಗುಲಾಬಿ ಬೆರೆತ ನೀಲಿ ಆಗುತ್ತದೆ.
— ಕಾಲೇಜು ವಿದ್ಯಾರ್ಥಿ, ವಿಜಯಪುರ

ಉತ್ತರ: ಬಣ್ಣದ ತಿದ್ದುಪಡಿ ಎರಡು ಸಲ ಆಗುತ್ತಿರುವ ಲಕ್ಷಣ ಇದು. ಒಮ್ಮೆ ಫೋಟೊಶಾಪ್ ತಿದ್ದುತ್ತದೆ, ಅದರ ಮೇಲೆ ಪ್ರಿಂಟರ್ ಡ್ರೈವರ್ ಮತ್ತೆ ತಿದ್ದುತ್ತದೆ. ಪ್ರಿಂಟ್ ಕಿಟಕಿಯಲ್ಲಿ ‘ಫೋಟೊಶಾಪ್ ಮ್ಯಾನೇಜಸ್ ಕಲರ್ಸ್’ ಆರಿಸಿ, ನಿಮ್ಮ ಕಾಗದಕ್ಕೆ ತಕ್ಕ ಪ್ರೊಫೈಲ್ ಹಾಕಿ, ರೆಲೆಟಿವ್ ಕಲರಿಮೆಟ್ರಿಕ್ ಇಟ್ಟು, ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಷನ್‌ಗೆ ಟಿಕ್ ಹಾಕಿ. ಅಲ್ಲಿಂದಲೇ ಪ್ರಿಂಟ್ ಸೆಟ್ಟಿಂಗ್ಸ್ ತೆರೆದು ಡ್ರೈವರಿನ ಬಣ್ಣದ ಭಾಗದಲ್ಲಿ ‘ನೋ ಕಲರ್ ಅಡ್ಜಸ್ಟ್‌ಮೆಂಟ್’ ಮಾಡಿ. ಈ ಕೊನೆಯದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಕಾಗದದ ಪ್ರೊಫೈಲ್ ಇಲ್ಲವೆಂದರೆ ತಿರುವುಮುರುವು ಮಾಡಿ: ಫೋಟೊಶಾಪ್‌ನಲ್ಲಿ ‘ಪ್ರಿಂಟರ್ ಮ್ಯಾನೇಜಸ್ ಕಲರ್ಸ್’ ಇಟ್ಟು ಡ್ರೈವರಿಗೇ ಬಿಡಿ. ಯಾರಾದರೂ ಒಬ್ಬರೇ ತಿದ್ದಬೇಕು.

ಬೇರೆ ಕಂಪನಿಯ ಅಗ್ಗದ ಇಂಕು ತುಂಬಿದ್ದರೆ ಈ ಪ್ರೊಫೈಲ್‌ಗಳು ಲೆಕ್ಕಕ್ಕಿಲ್ಲ. ಆಗ ಅಡ್ಜಸ್ಟ್‌ಮೆಂಟ್ ಲೇಯರಿನಲ್ಲಿ ಸೆಲೆಕ್ಟಿವ್ ಕಲರ್ ಹಾಕಿ, ‘ಬ್ಲೂಸ್’ನಲ್ಲಿ ಮಜೆಂಟಾ ಮೈನಸ್ 20, ‘ಸಯಾನ್ಸ್’ನಲ್ಲಿ ಮಜೆಂಟಾ ಮೈನಸ್ 10ರಿಂದ ಶುರುಮಾಡಿ. ಇಡೀ ಹಾಳೆ ಹೊಡೆಯಬೇಡಿ, ಆಕಾಶದ ಎರಡು ಇಂಚಿನ ಪಟ್ಟಿ ಸಾಕು. ಈ ಪ್ರಿಂಟರಿನ ಡೈ ಇಂಕು ಒಣಗುತ್ತ ಛಾಯೆ ಬದಲಿಸುತ್ತದೆ, ಹಾಗಾಗಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಅಂದಹಾಗೆ ನಿಮ್ಮ ಪ್ರಿಂಟರಿನಲ್ಲಿ ಲೈಟ್ ಸಯಾನ್, ಲೈಟ್ ಮಜೆಂಟಾ ಟ್ಯಾಂಕುಗಳಿವೆ. ತಿಳಿ ಆಕಾಶವನ್ನು ಹೆಚ್ಚಾಗಿ ಬರೆಯುವುದು ಅವೇ. ನಾಜಲ್ ಚೆಕ್‌ನಲ್ಲಿ ಲೈಟ್ ಸಯಾನ್ ಗೆರೆ ತುಂಡಾಗಿದ್ದರೆ ಗುಮ್ಮಟ ಸರಿಯಾಗಿದ್ದೂ ಆಕಾಶ ಮಾತ್ರ ಗುಲಾಬಿಯಾಗುತ್ತದೆ.

ಪ್ರಶ್ನೆ: ಕಾಲೇಜಿನ ವಾರ್ಷಿಕ ಸಂಚಿಕೆಯ ಮುಖಪುಟಕ್ಕೆ ಕಡುನೀಲಿ ಬೇಕು, ಜೊತೆಗೆ ನಮ್ಮ ಲಾಂಛನದ ರಿಫ್ಲೆಕ್ಸ್ ಬ್ಲೂ. ಕಳೆದ ವರ್ಷ ನೀಲಿ ಹಿಂದಿನ ಹಾಳೆಗೆ ಅಂಟಿ ಕಲೆಯಾಗಿತ್ತು, ಮ್ಯಾಟ್ ಲ್ಯಾಮಿನೇಷನ್ ಮೇಲೆ ಗೀರು ಬಿದ್ದಿದ್ದವು.
— ಸಂಪಾದಕ ಮಂಡಳಿ, ಗೋಕಾಕ

ಉತ್ತರ: ಅಂಟಿಕೊಂಡದ್ದು ಇಂಕು ಅತಿಯಾದ್ದರಿಂದ. ನಾಲ್ಕೂ ಇಂಕಿನ ಅಂಕಿ ಕೂಡಿಸಿ ನೋಡಿ. ಸಯಾನ್ 100, ಮಜೆಂಟಾ 95, ಹಳದಿ 50, ಕಪ್ಪು 80 ಎಂದು ಕೊಟ್ಟರೆ 325 ಆಯಿತು. ಆರ್ಟ್ ಪೇಪರಿಗೆ 300 ಮೀರಬಾರದು, ನ್ಯೂಸ್‌ಪ್ರಿಂಟಿಗೆ 240. ಸಯಾನ್ 100, ಮಜೆಂಟಾ 70, ಕಪ್ಪು 50 ಕೊಟ್ಟರೆ ಬರೀ 220, ಅಷ್ಟೇ ಕಡುನೀಲಿ, ಬೇಗ ಒಣಗುತ್ತದೆ. ಒಳಪುಟದ ಹೊಳಪಿಲ್ಲದ ಮ್ಯಾಪ್ಲಿಥೊ ಕಾಗದದ ಮೇಲೆ ಇದೇ ಅಂಕಿ ಮಂಕಾಗಿಯೇ ಬರುತ್ತದೆ. ಕಾಗದ ಇಂಕು ಹೀರುತ್ತದೆ, ಮುಖಪುಟದ ಹೊಳಪನ್ನು ಅಲ್ಲಿ ಕೇಳಬೇಡಿ.

ರಿಫ್ಲೆಕ್ಸ್ ಬ್ಲೂ ಪ್ಯಾಂಟೋನ್ ಎಂಬ ಸಿದ್ಧ ಬಣ್ಣಗಳ ಪದ್ಧತಿಯ ಮೂಲ ಇಂಕುಗಳಲ್ಲೊಂದು. ನಾಲ್ಕು ಬಣ್ಣದಲ್ಲಿ ಅದನ್ನು ಹಾಗೇ ತರಲು ಆಗುವುದಿಲ್ಲ. ಅದೇ ಬೇಕೆಂದರೆ ಐದನೇ ಪ್ಲೇಟ್, ಐದನೇ ಬಣ್ಣದ ಖರ್ಚು. ಆ ಇಂಕು ಒಣಗುವುದೂ ಬಲು ನಿಧಾನ. ಪ್ರೆಸ್‌ನವರು ಒಂದೆರಡು ದಿನ ಹೆಚ್ಚು ಕೇಳಿದರೆ ಅವಸರ ಮಾಡಬೇಡಿ. ಅರೆಬರೆ ಒಣಗಿದ್ದರ ಮೇಲೆ ಯುವಿ ಕೋಟಿಂಗ್ ಹಾಕಿಸಿದರೆ ಬಣ್ಣವೇ ತಿರುಗಿಬಿಡುತ್ತದೆ. ಲಾಂಛನ ಚಿಕ್ಕದಾಗಿದ್ದರೆ ಸಯಾನ್ 100, ಮಜೆಂಟಾ 75ಕ್ಕೆ ಒಪ್ಪಿಕೊಳ್ಳುವುದೇ ವಿವೇಕ. ಇಲ್ಲಿ 30ರ ಅಂತರದ ಸೂತ್ರ ಮೀರಿದ್ದು ಬೇಕೆಂದೇ. ರಿಫ್ಲೆಕ್ಸ್ ಬ್ಲೂದಲ್ಲೇ ಒಂದಿಷ್ಟು ಕೆಂಪು ಛಾಯೆ ಇದೆ.

ಲ್ಯಾಮಿನೇಷನ್ ಬಗ್ಗೆ: ಗ್ಲಾಸಿ ನೀಲಿಯನ್ನು ಗಾಢವಾಗಿಸುತ್ತದೆ, ಮ್ಯಾಟ್ ಒಂದು ಮಟ್ಟ ತಿಳಿಯಾಗಿಸುತ್ತದೆ. ಕಡುನೀಲಿ ಮೇಲಿನ ಮ್ಯಾಟ್‌ನಲ್ಲಿ ಉಗುರು ತಾಗಿದರೂ ಗೀರು ಕಾಣುತ್ತದೆ. ಗೀರು ತಡೆಯುವ ಮ್ಯಾಟ್ ಫಿಲ್ಮ್ ಸಿಗುತ್ತದೆ, ಸ್ವಲ್ಪ ದುಬಾರಿ. ಇಲ್ಲವಾದರೆ ಗ್ಲಾಸಿ ಹಾಕಿಸಿ. ಪ್ರೂಫ್ ಒಪ್ಪುವಾಗ ತುಣುಕೊಂದಕ್ಕೆ ಲ್ಯಾಮಿನೇಷನ್ ಮಾಡಿಸಿಯೇ ನೋಡಿ.

ಪ್ರಶ್ನೆ: ಆಗಸ್ಟ್ 15ರ ಕರಪತ್ರದಲ್ಲಿ ಅಶೋಕ ಚಕ್ರದ ಕಡ್ಡಿಗಳು ಎರಡೆರಡಾಗಿ ಕಾಣುತ್ತವೆ, ಒಂದು ಬದಿ ಗುಲಾಬಿ. ಏನು ಮಾಡಬೇಕು?
— ಶಿಕ್ಷಕರು, ಬಾಗಲಕೋಟೆ

ಉತ್ತರ: ಎರಡು ಇಂಕಿನ ಪ್ಲೇಟ್‌ಗಳು ಕೂದಲೆಳೆಯಷ್ಟು ಸರಿದಿವೆ. ದೊಡ್ಡ ಜಾಗದಲ್ಲಿ ತಿಳಿಯದ ಈ ತಪ್ಪು 24 ತೆಳು ಕಡ್ಡಿಗಳಲ್ಲಿ ಎದ್ದು ಕಾಣುತ್ತದೆ. ಎರಡು ಬಣ್ಣದ ಮಷಿನ್ನಿನಲ್ಲಿ ಕಾಗದ ಎರಡು ಸಲ ಓಡುವಾಗ ಇದು ಇನ್ನೂ ಹೆಚ್ಚು. ಚಕ್ರಕ್ಕೆ ನೇವಿ ಬ್ಲೂ ಬೇಕು. ಸಯಾನ್ 100, ಮಜೆಂಟಾ 65, ಕಪ್ಪು 40 ಕೊಡಿ. ಮಜೆಂಟಾ ಕಡಿಮೆಯಾದಷ್ಟೂ ಗುಲಾಬಿ ಅಂಚು ಮಸುಕಾಗುತ್ತದೆ. ಚಕ್ರವನ್ನು ಒಂದು ಇಂಚಿಗಿಂತ ಚಿಕ್ಕದಾಗಿ ಇಡಬೇಡಿ. ಧ್ವಜದ ಖಾದಿ ನೇಯುವ ತುಳಸಿಗೇರಿ ನಿಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿನ ಮಕ್ಕಳ ಕೈಗೆ ಹೋಗುವ ಕಾಗದದಲ್ಲೂ ಚಕ್ರ ಚೊಕ್ಕ ಇರಲಿ.

ಪ್ರಶ್ನೆ: ಕಬಡ್ಡಿ ತಂಡಗಳ ಜರ್ಸಿಗೆ ಸಬ್ಲಿಮೇಷನ್ ಮಾಡುತ್ತೇವೆ. ಪೇಪರ್ ಮೇಲೆ ನೀಲಿ ಸತ್ತಂತೆ ಕಾಣುತ್ತದೆ, ಬಟ್ಟೆ ಮೇಲೆ ಕೆಲವು ಕಡೆ ತಿಳಿ, ಕೆಲವು ಕಡೆ ಗಾಢ.
— ಜರ್ಸಿ ತಯಾರಕರು, ಮುಧೋಳ

ಉತ್ತರ: ಪೇಪರ್ ಮೇಲಿನ ಬಣ್ಣ ನೋಡಿ ಹೆದರಬೇಡಿ. ಶಾಖ ತಾಗಿ ಬಣ್ಣ ಆವಿಯಾಗಿ ಎಳೆಯೊಳಗೆ ಇಳಿದ ಮೇಲೆಯೇ ನಿಜವಾದ ನೀಲಿ. ಹಾಗಾಗಿ ನಿಮ್ಮ ಚಾರ್ಟನ್ನು ಪ್ರೆಸ್ ಮಾಡಿದ ಬಟ್ಟೆಯ ಮೇಲೇ ಓದಬೇಕು.

ಅಲ್ಲಲ್ಲಿ ತಿಳಿ ಎಂದರೆ ಹೀಟ್ ಪ್ರೆಸ್‌ನ ತಟ್ಟೆ ಎಲ್ಲ ಕಡೆ ಸಮ ಕಾಯುತ್ತಿಲ್ಲ. ಡಿಸ್‌ಪ್ಲೇಯಲ್ಲಿ 200 ಡಿಗ್ರಿ ತೋರಿಸಿದರೂ ಮೂಲೆಗಳಲ್ಲಿ ಕಡಿಮೆ ಇರಬಹುದು. ಥರ್ಮಾಮೀಟರ್ ಗನ್‌ನಿಂದ ನಾಲ್ಕು ಮೂಲೆ, ನಡು, ಹೀಗೆ ಐದು ಕಡೆ ಅಳೆಯಿರಿ. 200 ಡಿಗ್ರಿಯಲ್ಲಿ 45ರಿಂದ 60 ಸೆಕೆಂಡ್ ಪಾಲಿಯೆಸ್ಟರ್ ಜರ್ಸಿಗೆ ಸರಿ. ಹೊತ್ತು ಮೀರಿದರೆ ಅಂಚು ಮಸುಕಾಗುತ್ತದೆ, ಬಿಳಿ ಭಾಗ ಹಳದಿ ತಿರುಗುತ್ತದೆ. ಒತ್ತುವ ಮೊದಲು ಬರೀ ಬಟ್ಟೆಯನ್ನು 5ರಿಂದ 10 ಸೆಕೆಂಡ್ ಪ್ರೆಸ್ ಮಾಡಿ ತೇವ ಹೊರಹಾಕಿ. ಬಟ್ಟೆ ನೂರಕ್ಕೆ ನೂರು ಪಾಲಿಯೆಸ್ಟರ್ ಇದೆಯೇ ಖಚಿತಪಡಿಸಿಕೊಳ್ಳಿ. ಹತ್ತಿ ಬೆರೆತಿದ್ದರೆ ಹತ್ತಿಯ ಎಳೆಗೆ ಬಣ್ಣ ಹತ್ತುವುದೇ ಇಲ್ಲ, ಮೊದಲ ಒಗೆತದಲ್ಲೇ ನೀಲಿ ಅರ್ಧ ಇಳಿಯುತ್ತದೆ.

ಪ್ರಶ್ನೆ: ಗಿರಾಕಿ ವಾಟ್ಸ್ಆ್ಯಪ್‌ನಲ್ಲಿ ಡಿಸೈನ್ ನೋಡಿ ‘ಓಕೆ’ ಅಂತಾರೆ, ಪ್ರಿಂಟ್ ಕೈಗೆ ಕೊಟ್ಟಾಗ ‘ಫೋನಿನಾಗ ಹಿಂಗ ಇರಲಿಲ್ಲ’ ಅಂತ ಜಗಳ.
— ಡಿಟಿಪಿ ಕೇಂದ್ರ, ನಿಪ್ಪಾಣಿ

ಉತ್ತರ: ಫೋನಿಗೆ ಮೂಲ ಆರ್‌ಜಿಬಿ ಡಿಸೈನ್ ಕಳಿಸಬೇಡಿ. ಫೈಲಿನ ಒಂದು ಪ್ರತಿ ಮಾಡಿ, ಅದನ್ನು ಸಿಎಂವೈಕೆಗೆ ತಿರುಗಿಸಿ, ಅಲ್ಲಿಂದ ಮತ್ತೆ ಎಸ್‌ಆರ್‌ಜಿಬಿಗೆ ತಂದು ಜೆಪೆಗ್ ಮಾಡಿ. ಈ ಸುತ್ತಿನಲ್ಲಿ ಮುದ್ರಣಕ್ಕೆ ಸಿಗದ ನೀಲಿ ಕಳೆದುಹೋಗಿ, ಗಿರಾಕಿ ನೋಡುವುದು ಪ್ರಿಂಟಿಗೆ ಹತ್ತಿರದ ಬಣ್ಣ. ಸಿಎಂವೈಕೆ ಜೆಪೆಗ್ ಅನ್ನೇ ಕಳಿಸಿದರೆ ಕೆಲವು ಫೋನುಗಳಲ್ಲಿ ಬಣ್ಣ ವಿಕಾರವಾಗಿ ಉರಿಯುತ್ತದೆ. ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಗಿರಾಕಿಯ ಫೋನಿನ ಡಿಸ್‌ಪ್ಲೇ ‘ವಿವಿಡ್’ನಲ್ಲಿದ್ದರೆ ‘ನ್ಯಾಚುರಲ್’ಗೆ ಹಾಕಿಸಿ, ಕಣ್ಣಿನ ರಕ್ಷಣೆಯ ಹಳದಿ ಬೆಳಕನ್ನು ಆಫ್ ಮಾಡಲು ಹೇಳಿ.

ನಿಮ್ಮ ಮಾನಿಟರ್‌ಗೂ ಇದೇ ಮಾತು. ನೈಟ್ ಲೈಟ್ ಆಫ್, ಬಣ್ಣದ ತಾಪ 6500 ಕೆಲ್ವಿನ್, ಬ್ರೈಟ್‌ನೆಸ್ ಅಂಗಡಿಯಲ್ಲಿ ಇಟ್ಟ ಬಿಳಿ ಕಾಗದದಷ್ಟೇ. ಪೂರ್ತಿ ಬೆಳಗುವ ಮಾನಿಟರ್ ಎದುರು ಕೂತವರಿಗೆ ಯಾವ ಪ್ರಿಂಟೂ ಕತ್ತಲೆಯಾಗಿಯೇ ಕಾಣುತ್ತದೆ. ಆರ್ಡರ್ ದೊಡ್ಡದಾದರೆ ಎ4 ಅಳತೆಯ ಒಂದು ಪ್ರಿಂಟ್ ತೆಗೆದು, ಅದರ ಮೇಲೆ ಗಿರಾಕಿಯ ಸಹಿ ಮಾಡಿಸಿಕೊಳ್ಳಿ.

ಪ್ರಶ್ನೆ: ರಸ್ತೆ ಬದಿಯ ನಮ್ಮ ಬೋರ್ಡು ಮೊದಲು ರಾಯಲ್ ಬ್ಲೂ ಇತ್ತು, ವರ್ಷ ಕಳೆಯುವಷ್ಟರಲ್ಲಿ ತಿಳಿ ಆಕಾಶ ಬಣ್ಣಕ್ಕೆ ಬಂತು. ಇಂಕಿನಲ್ಲಿ ಮೋಸವೇ?
— ಗ್ಯಾರೇಜ್ ಮಾಲೀಕರು, ಸಿಂದಗಿ

ಉತ್ತರ: ಮೋಸ ಎನ್ನಲಾಗದು, ಅಗ್ಗದ ಇಂಕು ಇರಬಹುದು. ಬಿಸಿಲಿಗೆ ಸಾಮಾನ್ಯವಾಗಿ ಹಳದಿ, ಮಜೆಂಟಾ ಮೊದಲು ಹಾರುತ್ತವೆ. ಸಯಾನ್‌ನಲ್ಲಿರುವ ತಾಮ್ರ ಮಿಶ್ರಿತ ಥಾಲೋಸಯನಿನ್ ವರ್ಣಕ ಬಿಸಿಲಿಗೆ ಗಟ್ಟಿ, ಅದು ಉಳಿಯುತ್ತದೆ. ರಾಯಲ್ ಬ್ಲೂದಿಂದ ಮಜೆಂಟಾ ಹೋದರೆ ಉಳಿದದ್ದು ಆಕಾಶ ನೀಲಿ. ಹಳೆಯ ಸಿನಿಮಾ ಪೋಸ್ಟರುಗಳು ಪೂರಾ ನೀಲಿಗಟ್ಟುವುದೂ ಇದರಿಂದಲೇ.

ಮುಂದಿನ ಸಲ ನೀಲಿ ಹಿನ್ನೆಲೆಯನ್ನು ಪ್ರಿಂಟ್ ಮಾಡಿಸಬೇಡಿ. ಹಾಳೆಯಲ್ಲೇ ಬಣ್ಣ ಬೆರೆತ ನೀಲಿ ವಿನೈಲ್ ಶೀಟ್ ರೋಲಿನಲ್ಲಿ ಸಿಗುತ್ತದೆ. ಅದನ್ನು ಬೋರ್ಡಿಗೆ ಹಾಸಿ, ಅಕ್ಷರಗಳನ್ನು ಬಿಳಿ ವಿನೈಲ್‌ನಲ್ಲಿ ಕತ್ತರಿಸಿ ಅಂಟಿಸಿ. ಅಲ್ಲಿ ಎರಡು ಇಂಕಿನ ಮಾತೇ ಇಲ್ಲ, ಒಂದು ಹಾರಿ ಒಂದು ಉಳಿಯುವ ಪ್ರಶ್ನೆಯೂ ಇಲ್ಲ. ಪ್ರಿಂಟೇ ಆಗಬೇಕೆಂದರೆ ಮೇಲೆ ಯುವಿ ತಡೆಯುವ ಲ್ಯಾಮಿನೇಷನ್ ಹಾಕಿಸಿ, ಅದರ ಅಂಚನ್ನು ಬೋರ್ಡಿನ ಹಿಂದಕ್ಕೆ ಅರ್ಧ ಇಂಚು ಮಡಚಿಸಿ. ಅಂಚು ಬಿಟ್ಟುಕೊಂಡರೆ ಮಳೆನೀರು ಒಳಹೊಕ್ಕು ಫಿಲ್ಮ್ ಏಳುತ್ತದೆ. ಬೋರ್ಡನ್ನು ಪಶ್ಚಿಮಕ್ಕೆ ಮುಖ ಮಾಡಿ ಹಾಕುವುದನ್ನು ತಪ್ಪಿಸಲು ಆದರೆ ತಪ್ಪಿಸಿ, ಮಧ್ಯಾಹ್ನದ ನಂತರದ ಬಿಸಿಲು ಪೂರ್ತಿ ಅದರ ಮೇಲೇ ಬೀಳುತ್ತದೆ.